ಮೊದಲು ಟೈರಿಗೆ ಕಲ್ಲು, ಆಮೇಲೆ ನ್ಯೂಟ್ರಲ್

ಮುಳ್ಳಯ್ಯನಗಿರಿ ಸೀಸನ್ ಶುರುವಾದರೆ ನಮ್ಮ ಗ್ಯಾರೇಜಿಗೆ ಈ ಫೋನು ತಪ್ಪುವುದಿಲ್ಲ. ‘ಆಟೋಮ್ಯಾಟಿಕ್ ಕಾರು ಸಾರ್, ಬ್ಯಾಟರಿ ಡೌನ್. ಲಿವರ್ ಪಿ ಬಿಟ್ಟು ಅಲ್ಲಾಡ್ತಿಲ್ಲ. ನ್ಯೂಟ್ರಲ್‌ಗೆ ತರೋದು ಹೇಗೆ?’ ಟೈರಿಗೆ ಕಲ್ಲು ಕೊಟ್ಟಿದ್ದೀರಾ ಎಂದು ಕೇಳುತ್ತೇನೆ. ‘ಅದು ಆಮೇಲೆ, ಮೊದಲು ನ್ಯೂಟ್ರಲ್ ಹೇಳಿ’ ಅನ್ನುತ್ತಾರೆ.

ಆಮೇಲೆ ಅಲ್ಲ ಸ್ವಾಮಿ, ಅದೇ ಮೊದಲು. ಪಿ, ಅಂದರೆ ಪಾರ್ಕಿಂಗ್ ಹಾಕಿದಾಗ ಗೇರ್‌ಬಾಕ್ಸಿನೊಳಗೆ ಉಕ್ಕಿನ ಚಿಕ್ಕ ಕೊಕ್ಕೆಯೊಂದು ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಇಡೀ ಕಾರಿನ ಭಾರ ಅದೊಂದರ ಮೇಲೆ. ನ್ಯೂಟ್ರಲ್‌ಗೆ ತರುವುದೆಂದರೆ ಆ ಕೊಕ್ಕೆ ಬಿಡಿಸಿ ಚಕ್ರಗಳನ್ನು ಸಡಿಲ ಬಿಡುವುದು. ಇಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ತುಳಿದರೆ ಬ್ರೇಕ್ ಪೆಡಲ್ ಗಟ್ಟಿಯಾಗಿಬಿಡುತ್ತದೆ. ಸ್ಟೇರಿಂಗೂ ಭಾರ. ಹೊಸ ಕಾರುಗಳಲ್ಲಿ ಹ್ಯಾಂಡ್‌ಬ್ರೇಕೂ ಬಟನ್ನು. ಬ್ಯಾಟರಿ ಪೂರ್ತಿ ಸತ್ತ ಮೇಲೆ ಅದನ್ನು ಹಾಕುವುದಕ್ಕೂ ಆಗದು. ಆಗ ಕಾರನ್ನು ಹಿಡಿಯುವುದು ಯಾವುದು? ಕಲ್ಲೇ.

ಕಳೆದ ಮಳೆಗಾಲ ಕೈಮರ ಚೆಕ್‌ಪೋಸ್ಟಿನ ಮೇಲಿನ ತಿರುವಿನಲ್ಲಿ ಒಂದು ಕುಟುಂಬ ಸಿಕ್ಕಿಕೊಂಡಿತ್ತು. ಮಗ ಒಳಗೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ. ಅಪ್ಪ, ಚಿಕ್ಕಪ್ಪ ಇಳಿಜಾರಿನ ಕಡೆ ಡಿಕ್ಕಿಗೆ ಅಂಗೈ ಒತ್ತಿ ನಿಂತಿದ್ದರು. ‘ನಾವಿದ್ದೀವಲ್ಲ, ತಡೀತೀವಿ’ ಎಂದರು ಚಿಕ್ಕಪ್ಪ. ಕಾಲಲ್ಲಿ ಹವಾಯಿ ಚಪ್ಪಲಿ, ಕೆಳಗೆ ಒದ್ದೆ ರಸ್ತೆ. ಹುಡುಗನಿಗೆ ಆಸರೆಯಾಗಲೆಂದೇ ನಿಂತವರು, ಬೈಯಲು ಮನಸ್ಸು ಬರಲಿಲ್ಲ. ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡೆ. ಸಾವಿರ ಕೆಜಿ ದಾಟುವ ಕಾರು ಇಳಿಜಾರಿನಲ್ಲಿ ಉರುಳಲು ಶುರುವಾದರೆ ಇಬ್ಬರ ಕೈಗೆ ನಿಲ್ಲುತ್ತದಾ?

ಮುಷ್ಟಿ ಗಾತ್ರದ ಕಲ್ಲು ಸಾಲದು, ಟೈರು ಹತ್ತಿ ಇಳಿಯುತ್ತದೆ. ಚೂಪು ತುದಿಯ ದೊಡ್ಡ ಕಲ್ಲು ಅಥವಾ ಮರದ ತುಂಡನ್ನು ಇಳಿಜಾರಿನ ಕಡೆಯಿಂದ ಎರಡು ಟೈರಿಗೆ ಒತ್ತಿ ಕೊಡಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಆಮೇಲೆ ಕೀ ಆನ್ ಮಾಡಿ, ಬ್ರೇಕ್ ತುಳಿದು, ಲಿವರ್ ಪಕ್ಕದ ಚಿಕ್ಕ ಮುಚ್ಚಳ ತೆಗೆದು ಸ್ಕ್ರೂಡ್ರೈವರ್‌ನಿಂದ ಒಳಗಿನ ಲಾಕ್ ಒತ್ತುತ್ತಾ ಲಿವರ್ ಎಳೆದರೆ ಬರುತ್ತದೆ. ಕೀಯನ್ನೇ ಕಿತ್ತು ಅಲ್ಲಿಗೆ ತುರುಕಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ಈ ಮುಚ್ಚಳ ಎಲ್ಲ ಕಾರಿನಲ್ಲೂ ಒಂದೇ ಜಾಗದಲ್ಲಿರುವುದಿಲ್ಲ, ಮ್ಯಾನ್ಯುಯಲ್ ನೋಡಿ. ಬಟನ್ ಗೇರಿನ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಗೆ ಕರೆಂಟು ಕೊಡದೆ ಏನೂ ಆಗದು. ಕಡಿದಾದ ಜಾಗದಲ್ಲಿ ಲಿವರ್ ಬಿಗಿಯಾಗಿದ್ದರೆ ಎಳೆದಾಡಬೇಡಿ, ಟೋಯಿಂಗ್‌ನವರು ಹಗ್ಗ ಬಿಗಿದು ಕಾರು ಹಿಡಿಯುವ ತನಕ ಕಾಯಿರಿ.

ಅಷ್ಟಕ್ಕೂ ನ್ಯೂಟ್ರಲ್ ಯಾಕೆ? ತಳ್ಳಿ ಸ್ಟಾರ್ಟ್ ಮಾಡಲು ಎಂದಾದರೆ ಬಿಟ್ಟುಬಿಡಿ, ಆಟೋಮ್ಯಾಟಿಕ್ ಹಾಗೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಮಾತ್ರ ಹೋಗಿದ್ದರೆ ಇನ್ನೊಂದು ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಸ್ಟಾರ್ಟ್ ಮಾಡಿಸಿ. ಹಗ್ಗ ಕಟ್ಟಿ ಚಿಕ್ಕಮಗಳೂರಿನ ತನಕ ಎಳೆಸುವುದಂತೂ ಬೇಡ. ಇಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಆಯಿಲ್ ಪಂಪೂ ಓಡದು, ಒಳಗೆಲ್ಲ ಸವೆದು ಸುಟ್ಟು ಹೋಗುತ್ತದೆ. ನಾಲ್ಕೂ ಚಕ್ರ ಮೇಲೇರಿಸುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ಕಾರು ಹೋದ ಮೇಲೆ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರು ಜಾಸ್ತಿ. ದಯವಿಟ್ಟು ಎತ್ತಿ ಬದಿಗೆ ಹಾಕಿ. ಮಂಜು ಇಳಿದರೆ ಬೈಕಿನವರಿಗೆ ಕಾಣುವುದಿಲ್ಲ.