ಡಿಎನ್‌ಎ ಅದಲುಬದಲಾಗುವ ಜಾಗ: ನೂರು ವರ್ಷದ ಹುಡುಕಾಟ

ಅಪ್ಪ ಅಮ್ಮನಿಂದ ಬಂದ ವರ್ಣತಂತುಗಳನ್ನು ನಾವು ಇದ್ದ ಹಾಗೇ ಮಕ್ಕಳಿಗೆ ಕೊಡುವುದಿಲ್ಲ. ಅಂಡಾಣು, ವೀರ್ಯಾಣು ತಯಾರಾಗುವಾಗ ಜೋಡಿ ವರ್ಣತಂತುಗಳು ಪಕ್ಕಪಕ್ಕ ಬಂದು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆದರೆ ಎಲ್ಲಿ ಬೇಕೆಂದರಲ್ಲಿ ಅಲ್ಲ.

ಇದನ್ನು ಮೊದಲು ಅಳತೆಗೆ ಬಳಸಿಕೊಂಡವನು ಆಲ್‌ಫ್ರೆಡ್ ಸ್ಟರ್ಟೆವಂಟ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹಣ್ಣುನೊಣ ಸಾಕುತ್ತಿದ್ದ ಥಾಮಸ್ ಹಂಟ್ ಮಾರ್ಗನ್ ಅವರ ಲ್ಯಾಬಿನಲ್ಲಿದ್ದ, ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗ. ಎರಡು ಜೀನ್‌ಗಳು ದೂರವಿದ್ದಷ್ಟೂ ನಡುವೆ ಅದಲುಬದಲು ಜಾಸ್ತಿ ಆಗಬೇಕಲ್ವಾ ಎಂದು ಅವನಿಗೆ ಹೊಳೆಯಿತು. 1911ರಲ್ಲಿ ಒಂದು ರಾತ್ರಿ ಹೋಂವರ್ಕ್ ಪಕ್ಕಕ್ಕಿಟ್ಟು ಜಗತ್ತಿನ ಮೊದಲ ಜೀನ್ ನಕ್ಷೆ ಬಿಡಿಸಿದ. ಅದು ಅಚ್ಚಾಗಿದ್ದು 1913ರಲ್ಲಿ. ನೂರಕ್ಕೆ ಒಂದು ಸಲ ಅದಲುಬದಲಾಗುವಷ್ಟು ದೂರಕ್ಕೆ ಮುಂದೆ ಸೆಂಟಿಮಾರ್ಗನ್ ಎಂಬ ಹೆಸರು ಬಂತು.

ನಾವು ಊರಿನ ದೂರವನ್ನು 'ಬಸ್ಸಲ್ಲಿ ಮೂರು ಗಂಟೆ' ಎನ್ನುತ್ತೇವಲ್ಲ, ಇದೂ ಹಾಗೇ. ಬಯಲಿನ ಮೂರು ಗಂಟೆಯೂ ಘಾಟಿಯ ಮೂರು ಗಂಟೆಯೂ ಒಂದೇ ದೂರ ಅಲ್ಲ. ಸ್ಟರ್ಟೆವಂಟನಿಗೂ ಈ ಅನುಮಾನ ಇತ್ತು. ನಕ್ಷೆಯ ದೂರ ನಿಜವಾದ ದೂರವೇ ಎಂದು ಹೇಳಲಾಗದು ಅಂತ ಅದೇ ಲೇಖನದಲ್ಲಿ ಬರೆದಿದ್ದ.

ಮನುಷ್ಯನ ನಕ್ಷೆ ಬಹಳ ತಡವಾಗಿ, 1987ರಲ್ಲಿ ಬಂತು. ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆ 2002ರಲ್ಲಿ 146 ಕುಟುಂಬಗಳನ್ನು ನೋಡಿ ಅದನ್ನು ಇನ್ನಷ್ಟು ಸೂಕ್ಷ್ಮ ಮಾಡಿತು. ಸರಾಸರಿ ಲೆಕ್ಕದಲ್ಲಿ ಹತ್ತು ಲಕ್ಷ ಡಿಎನ್‌ಎ ಅಕ್ಷರಕ್ಕೆ ಸುಮಾರು ಒಂದು ಸೆಂಟಿಮಾರ್ಗನ್. ಆದರೆ ಈ ಸರಾಸರಿಯನ್ನು ಜಾಸ್ತಿ ನಂಬಬಾರದು. ಅಂಡಾಣುವಿನಲ್ಲಿ ಸುಮಾರು 40 ಅದಲುಬದಲು, ವೀರ್ಯಾಣುವಿನಲ್ಲಿ 26ರ ಆಸುಪಾಸು. ಗಂಡಸರಲ್ಲಿ ಇವು ವರ್ಣತಂತುವಿನ ತುದಿಗಳಲ್ಲೇ ಹೆಚ್ಚು. ಅದರ ಸೊಂಟದ ಹತ್ತಿರ ಇಬ್ಬರಲ್ಲೂ ತೀರಾ ಕಡಿಮೆ. ಚಿಕ್ಕ ವರ್ಣತಂತುವಿಗೂ ಸಾಮಾನ್ಯವಾಗಿ ಒಂದಾದರೂ ಬೇಕು, ಹಾಗಾಗಿ ಅವುಗಳಲ್ಲಿ ದರ ಏರುತ್ತದೆ. ಗಂಡಸರ ಎಕ್ಸ್ ಮತ್ತು ವೈ ವರ್ಣತಂತುಗಳು ಹೊಂದಿಕೊಳ್ಳುವ ಮುಖ್ಯ ತುಣುಕು ಬರೀ 27 ಲಕ್ಷ ಅಕ್ಷರದ್ದು. ಅಷ್ಟರೊಳಗೇ ಒಂದು ಆಗಲೇಬೇಕು. ಇದು ಸುಮ್ನೆ ಲೆಕ್ಕದ ಮಾತಲ್ಲ. ಅದಲುಬದಲು ತಪ್ಪಿದರೆ ಜೋಡಿ ಸರಿಯಾಗಿ ಬೇರ್ಪಡದೆ ಹೋಗಬಹುದು. ಡೌನ್ ಸಿಂಡ್ರೋಮ್‌ಗೆ ಇದೂ ಒಂದು ಕಾರಣ.

ಇನ್ನೂ ಹತ್ತಿರ ಹೋಗಿ ನೋಡಿದವರು ಇಂಗ್ಲೆಂಡಿನ ಲೆಸ್ಟರ್‌ನ ಆಲೆಕ್ ಜೆಫ್ರಿಸ್. ಡಿಎನ್‌ಎ ಬೆರಳಚ್ಚು ಕಂಡುಹಿಡಿದವರೂ ಇವರೇ. 2001ರಲ್ಲಿ ಅವರ ತಂಡ ವೀರ್ಯಾಣುಗಳನ್ನು ಪರೀಕ್ಷಿಸಿದಾಗ ಅದಲುಬದಲುಗಳು ಒಂದೆರಡು ಸಾವಿರ ಅಕ್ಷರದಷ್ಟು ಚಿಕ್ಕ ಜಾಗಗಳಲ್ಲಿ ಗುಂಪುಗೂಡಿದ್ದವು. ಇವೇ ಹಾಟ್‌ಸ್ಪಾಟ್‌ಗಳು. 2005ರ ಹೊತ್ತಿಗೆ ಇಂಥ 25,000ಕ್ಕೂ ಹೆಚ್ಚು ಜಾಗಗಳು ಸಿಕ್ಕಿದ್ದವು. ಅದೇ ವರ್ಷ ಇನ್ನೊಂದು ವಿಚಿತ್ರ ಹೊರಬಿತ್ತು. ಚಿಂಪಾಂಜಿಯ ಡಿಎನ್‌ಎ ನಮ್ಮದಕ್ಕೆ ಅಷ್ಟು ಹತ್ತಿರ, ಆದರೆ ಹಾಟ್‌ಸ್ಪಾಟ್‌ಗಳು ಬೇರೆ ಬೇರೆ ಕಡೆ!

ಉತ್ತರ 2010ರಲ್ಲಿ ಸಿಕ್ಕಿತು, ಒಟ್ಟಿಗೇ ಮೂರು ತಂಡಗಳಿಂದ. ಪಿಆರ್‌ಡಿಎಂ9 ಎಂಬ ಪ್ರೋಟೀನು ಡಿಎನ್‌ಎಯ ಒಂದು ಬಗೆಯ ಬರಹವನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ಜೀವಕೋಶ ಅಲ್ಲೇ ಡಿಎನ್‌ಎ ಕತ್ತರಿಸುತ್ತದೆ, ಅದಲುಬದಲು ಶುರುವಾಗುವುದು ಅಲ್ಲಿಂದ. ಇಡೀ ಕತೆಯಲ್ಲಿ ನನಗೆ ಅತಿ ಸ್ವಾರಸ್ಯ ಅನ್ನಿಸುವುದು ಮುಂದಿನದು. ಕತ್ತರಿಸಿದ ಜಾಗವನ್ನು ರಿಪೇರಿ ಮಾಡುವಾಗ ಜೀವಕೋಶ ಜೋಡಿಯ ಇನ್ನೊಂದು ಪ್ರತಿಯನ್ನು ನೋಡಿ ಬರೆಯುತ್ತದೆ. ಆ ಪ್ರತಿಯಲ್ಲಿ ಗುರುತು ಕೆಟ್ಟಿದ್ದರೆ ಕೆಟ್ಟದ್ದೇ ಇಲ್ಲೂ ಬರುತ್ತದೆ. ಅಂದರೆ ಚೆನ್ನಾಗಿ ಕೆಲಸ ಮಾಡುವ ಹಾಟ್‌ಸ್ಪಾಟ್ ಕಾಲಕ್ರಮದಲ್ಲಿ ತನ್ನನ್ನೇ ಅಳಿಸಿಕೊಳ್ಳುತ್ತದೆ. ಆದರೆ ಪಿಆರ್‌ಡಿಎಂ9 ತಯಾರಿಸುವ ಜೀನ್ ಕೂಡ ಬೇಗ ಬದಲಾಗುತ್ತದೆ. ಅದು ಬದಲಾದಾಗ ಹೊಸ ಬರಹ, ಹೊಸ ಜಾಗ. ಚಿಂಪಾಂಜಿಗೂ ನಮಗೂ ತಾಳೆಯಾಗದ್ದು ಇದರಿಂದ.

ಹಾಗಾದರೆ ಈ ಜೀನ್ ಇಲ್ಲದೆ ನಡೆಯುವುದೇ ಇಲ್ಲವಾ? ಲ್ಯಾಬಿನ ಇಲಿಗಳಲ್ಲಿ ತೆಗೆದುಹಾಕಿದರೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ನಾಯಿಗಳಲ್ಲಿ ಇದು ಕೆಟ್ಟುಹೋಗಿ ಬಹಳ ಕಾಲ ಆಗಿದೆ, ಅವಕ್ಕೆ ಮರಿಗಳಿಗೇನೂ ಕೊರತೆ ಇಲ್ಲ. ಅವುಗಳಲ್ಲಿ ಅದಲುಬದಲು ಹೆಚ್ಚಾಗಿ ಜೀನ್‌ಗಳು ಶುರುವಾಗುವ ಕಡೆ ಆಗುತ್ತದೆ. 2016ರಲ್ಲಿ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಈ ಜೀನಿನ ಎರಡೂ ಪ್ರತಿ ಕೆಟ್ಟಿದ್ದ ಮಹಿಳೆಯೊಬ್ಬರು ಸಿಕ್ಕರು. ಅವರು ಆರೋಗ್ಯವಾಗಿದ್ದರು, ಮಕ್ಕಳೂ ಇದ್ದರು. ಅವರಿಂದ ಮಗುವಿಗೆ ಹೋದ ಡಿಎನ್‌ಎಯಲ್ಲಿ ಅದಲುಬದಲುಗಳು ನಮ್ಮ ಮಾಮೂಲಿ ಹಾಟ್‌ಸ್ಪಾಟ್‌ಗಳನ್ನು ಬಿಟ್ಟು ಬೇರೆ ಕಡೆ ಆಗಿದ್ದವು.