ನೆಗ್ಗಿಲು ಮುಳ್ಳು, ಸಾ ಪಾಲ್ಮೆಟೊ ಮತ್ತು ದಪ್ಪಗಾದ ಪ್ರಾಸ್ಟೇಟ್

ಕಲಬುರಗಿ ಕಡೆ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿಲು ಮುಳ್ಳಿನ ಪರಿಚಯ ಮಾಡಿಕೊಡಬೇಕಿಲ್ಲ. ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಈ ಗಿಡದ ಮುಳ್ಳುಕಾಯಿಯೇ ಆಯುರ್ವೇದದ ಗೋಕ್ಷುರ. ಮೂತ್ರದ ತೊಂದರೆಗೆ ಇದರ ಕಷಾಯ ಕುಡಿಯುವ ರೂಢಿ ಬಹಳ ಹಳೆಯದು. ಅರವತ್ತು ದಾಟಿದ ಕಾಕಾ ಒಬ್ಬರು ರಾತ್ರಿ ಮೂರ್ನಾಲ್ಕು ಸಲ ಏಳತೊಡಗಿದರೆ, ಕಟ್ಟೆ ಮೇಲೆ ಕೂತವರು ಮೊದಲು ಹೇಳುವುದು ಇದನ್ನೇ. ಈಗ ಮೊಬೈಲ್ ಜಾಹೀರಾತಿನಲ್ಲಿ ಅಮೆರಿಕದ ಸಾ ಪಾಲ್ಮೆಟೊ ಗುಳಿಗೆಯೂ ಬಂದಿದೆ.

ತೊಂದರೆ ಇರುವುದು ಜಾಗದಲ್ಲಿ. ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಂಡಸರ ಹಾರ್ಮೋನಾದ ಟೆಸ್ಟೊಸ್ಟೆರಾನ್, ಒಂದು ಕಿಣ್ವದ ಕೈಯಲ್ಲಿ ಇನ್ನೂ ಚುರುಕಾದ ಡಿಎಚ್‌ಟಿ ಆಗಿ ಬದಲಾಗುತ್ತದೆ. ವಯಸ್ಸಾದಂತೆ ಗ್ರಂಥಿ ಬೆಳೆಯಲು ಮುಖ್ಯ ಕಾರಣ ಇದೇ. ಗ್ರಂಥಿ ಬೆಳೆದಾಗ ನಾಳ ಇಕ್ಕಟ್ಟಾಗುತ್ತದೆ. ಧಾರೆ ಸಣ್ಣಗಾಗುತ್ತದೆ, ಹೋಗಿ ಬಂದರೂ ಪೂರ್ತಿ ಹೋದ ಹಾಗೆ ಅನಿಸುವುದಿಲ್ಲ. ಇದು ಕ್ಯಾನ್ಸರ್ ಅಲ್ಲ.

ಸಾ ಪಾಲ್ಮೆಟೊ ಫ್ಲಾರಿಡಾ ಕಡೆ ಬೆಳೆಯುವ ಗಿಡ್ಡ ತಾಳೆ. ಅದರ ಹಣ್ಣಿನ ಸಾರ ಆ ಕಿಣ್ವವನ್ನು ತಡೆಯುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ 2006ರಲ್ಲಿ ಅಮೆರಿಕದಲ್ಲಿ 225 ಗಂಡಸರ ಮೇಲೆ ಒಂದು ವರ್ಷ ಪರೀಕ್ಷೆ ಮಾಡಿದರು. ಅರ್ಧ ಜನರಿಗೆ ಈ ಸಾರ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಅನ್ನುವುದು ನುಂಗಿದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ವ್ಯತ್ಯಾಸವೇ ಕಾಣಲಿಲ್ಲ. ಡೋಸ್ ಕಡಿಮೆಯಾಗಿರಬೇಕು ಎಂದು ಕೆಲವರು ವಾದಿಸಿದರು. 2011ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಡೋಸನ್ನು ಮೂರು ಪಟ್ಟಿನವರೆಗೆ ಏರಿಸಿದರು. ತೊಂದರೆಯನ್ನು 35 ಅಂಕಗಳ ಪಟ್ಟಿಯಲ್ಲಿ ಅಳೆಯುತ್ತಾರೆ. ಸಾರ ತಗೊಂಡವರಿಗೆ ಸುಮಾರು 2 ಅಂಕ ಇಳಿಯಿತು, ಸುಮ್ನೆ ಗುಳಿಗೆ ನುಂಗಿದವರಿಗೆ ಸುಮಾರು 3.

ನನಗೆ ಈ 3 ಅಂಕವೇ ಎಲ್ಲಕ್ಕಿಂತ ಕುತೂಹಲದ್ದು. ಔಷಧವೇ ಇಲ್ಲದೆ ಆರಾಮ ಹೇಗೆ ಬಂತು? ಈ ತೊಂದರೆ ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಕಡಿಮೆ. ಜನ ಔಷಧ ಹುಡುಕುವುದು ಕಾಟ ಜಾಸ್ತಿಯಾದಾಗ. ಆಮೇಲೆ ಅದು ತಾನಾಗೇ ಸ್ವಲ್ಪ ಇಳಿದರೂ ಹೆಸರು ಔಷಧಕ್ಕೆ. ಏನೋ ತಗೊಂಡೆನಲ್ಲ ಎಂಬ ನೆಮ್ಮದಿಯೂ ಕೆಲಸ ಮಾಡುತ್ತದೆ. ಹಾಗಾಗಿ 'ನನಗೆ ಗುಣ ಆಯ್ತು' ಅನ್ನುವ ಕಾಕಾ ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತಿನಿಂದ ಕಷಾಯದ ಗುಣ ಗೊತ್ತಾಗುವುದಿಲ್ಲ.

ಗಿಡಮೂಲಿಕೆ ಅಂದಮಾತ್ರಕ್ಕೆ ಎಲ್ಲ ಪೊಳ್ಳು ಅಂತಲೂ ಅಲ್ಲ. ಗಿಡಗಳಲ್ಲಿ ಸಿಗುವ ಬೀಟಾ ಸಿಟೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ಕೆಲವು ಚಿಕ್ಕ ಪರೀಕ್ಷೆಗಳಲ್ಲಿ ಧಾರೆಯನ್ನು ಸುಧಾರಿಸಿತು, ಗ್ರಂಥಿಯನ್ನು ಮಾತ್ರ ಕುಗ್ಗಿಸಲಿಲ್ಲ. ನಮ್ಮ ನೆಗ್ಗಿಲು ಮುಳ್ಳಿಗೆ ಸಾ ಪಾಲ್ಮೆಟೊದಷ್ಟು ಬಿಗಿಯಾದ ಪರೀಕ್ಷೆ ಇನ್ನೂ ಆಗಿಲ್ಲ.

ಡಾಕ್ಟರರು ಬರೆಯುವ ಗುಳಿಗೆಗಳಲ್ಲಿ ಟಾಮ್ಸುಲೋಸಿನ್ ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಬಾಯಿಯ ಸ್ನಾಯುವನ್ನು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಫಲ ಕಾಣಬಹುದು. ಫಿನಾಸ್ಟರೈಡ್ ಡಿಎಚ್‌ಟಿಯನ್ನು ತಗ್ಗಿಸಿ ಗ್ರಂಥಿಯನ್ನು ಕುಗ್ಗಿಸುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಎರಡಕ್ಕೂ ಅಡ್ಡಪರಿಣಾಮ ಇವೆ. ಟಾಮ್ಸುಲೋಸಿನ್ ತಗೊಂಡು ಥಟ್ಟನೆ ಎದ್ದರೆ ಕೆಲವರಿಗೆ ತಲೆ ತಿರುಗುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಪದೇ ಪದೇ ಹೋಗಬೇಕಾಗುತ್ತದೆ ಎಂದು ಹಗಲು ನೀರು ಕುಡಿಯುವುದು ಬಿಟ್ಟರೆ ಮೂತ್ರದ ಕಲ್ಲಿಗೆ ದಾರಿ. ಕಡಿಮೆ ಮಾಡುವುದಿದ್ದರೆ ಸಂಜೆಯ ಮೇಲೆ ಮಾಡಿ, ಚಹಾದಿಂದಲೇ ಶುರು ಮಾಡಿ. ಮೂಗು ಕಟ್ಟಿದಾಗ ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಗುಳಿಗೆಯ ಬಗ್ಗೆಯೂ ಹುಷಾರಾಗಿರಿ. ಅಂಥ ಹಲವು ಗುಳಿಗೆಗಳು ಮೂತ್ರದ ದಾರಿಯನ್ನು ಬಿಗಿಮಾಡುತ್ತವೆ. ಪ್ರಾಸ್ಟೇಟ್ ದಪ್ಪ ಇರುವವರಿಗೆ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಹಾಗೆ ಕಟ್ಟಿ ಹೊಟ್ಟೆ ಉಬ್ಬಿ ನೋಯುವಾಗ ಕಷಾಯ ಕುಡಿಸಬೇಡಿ. ಅದೂ ಕೊನೆಗೆ ನೀರೇ, ತುಂಬಿದ ಮೂತ್ರಕೋಶವನ್ನು ಇನ್ನಷ್ಟು ತುಂಬಿಸುತ್ತದೆ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ನಳಿಗೆ ಹಾಕಿಸಬೇಕು.