ಕಲಾಯಿ ಹೋದ ಕನ್ನಡಿ

ಲಂಡನ್ ಹೊರವಲಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಹಳೆ ಕನ್ನಡಿ, ಅದರ ಕಟ್ಟು ಅಂದರೆ ಫ್ರೇಮು ರಿಪೇರಿ ಮಾಡುವುದೇ ಕೆಲಸ. ಹೋದ ವರ್ಷ ಅಲ್ಲಿಗೆ ಒಂದು ಕನ್ನಡ ಕುಟುಂಬ ಬಂತು. ಗಂಡ, ಹೆಂಡತಿ, ಜೊತೆಗೆ ಮೈಸೂರಿನಿಂದ ಬಂದಿದ್ದ ಅವನ ತಾಯಿ. ಕಾರಿನ ಹಿಂದೆ ರಗ್ಗು ಸುತ್ತಿ ಮಲಗಿಸಿದ್ದ ಕನ್ನಡಿ. ಹರಾಜಿನಲ್ಲಿ ಕೊಂಡದ್ದಂತೆ. ಎದೆಮಟ್ಟದ ಎತ್ತರ, ಚಿನ್ನದ ಬಣ್ಣದ ಕಟ್ಟು, ನೆತ್ತಿಯ ಮೇಲೊಂದು ಕಲಶ, ಎರಡೂ ಕಡೆ ಇಳಿಬಿದ್ದ ಮಾಲೆ. ಗಾಜಿನ ಕೆಳಭಾಗ ಮಾತ್ರ ಬೂದು ಹಿಡಿದು ಚುಕ್ಕೆ ಚುಕ್ಕೆ.

"ಸರ್, ಈ ಗಾಜು ತೆಗೆದು ಹೊಸದು ಹಾಕಿಕೊಡಿ. ಕಟ್ಟಿಗೂ ಒಂದು ಕೋಟ್ ಗೋಲ್ಡ್ ಪೇಂಟ್ ಹೊಡೆದುಬಿಡಿ" ಎಂದ ಮಗ.

ತಾಯಿ ಬಗ್ಗಿ ನೋಡಿದರು. "ಇದಕ್ಕೆ ಕಲಾಯಿ ಹೋಗಿದೆ ಕಣಪ್ಪ" ಎಂದರು. "ಅಮ್ಮಾ, ಅದೇನು ಹಿತ್ತಾಳೆ ಪಾತ್ರೆನಾ?" ಎಂದು ಮಗ ನಕ್ಕ.

ಅಲ್ಲಿ ಸರಿಯಾಗಿ ಹೇಳಿದ್ದು ಆ ತಾಯಿಯೇ. ಇನ್ನೂರು ವರ್ಷದ ಹಿಂದಿನ ಇಂಥ ಕನ್ನಡಿಯ ಬೆನ್ನಿಗೆ ಬೆಳ್ಳಿ ಇರುತ್ತಿರಲಿಲ್ಲ, ತವರ ಇರುತ್ತಿತ್ತು. ನಮ್ಮ ಪಾತ್ರೆಗೆ ಕಲಾಯಿ ಹಾಕುವ ಅದೇ ತವರ. ಅದರ ತೆಳು ಹಾಳೆಯನ್ನು ಸಮತಟ್ಟಾದ ಕಲ್ಲಿನ ಮೇಲೆ ಹಾಸಿ, ಪಾದರಸ ಸುರಿದು, ಅದರ ಮೇಲೆ ಗಾಜನ್ನು ಮೆಲ್ಲಗೆ ಜಾರಿಸಿ ಕೂರಿಸುತ್ತಿದ್ದರು. ಮೇಲೆ ಭಾರ ಹೇರುತ್ತಿದ್ದರು. ಆಮೇಲೆ ಓರೆ ಮಾಡಿ, ಹೆಚ್ಚಾದ ಪಾದರಸ ಬಸಿಯಲು ವಾರಗಟ್ಟಲೆ ಬಿಡುತ್ತಿದ್ದರು. ಆ ಆವಿ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಬೆಳ್ಳಿ ಲೇಪದ ದಾರಿ ತೋರಿಸಿದ ಮೇಲೂ ತವರದ ಕೆಲಸ ಎಷ್ಟೋ ದಶಕ ನಡೆಯಿತು.

ಪಾದರಸ ಪೂರ್ತಿ ಬಸಿದುಹೋಗುವುದಿಲ್ಲ. ಇನ್ನೂರು ವರ್ಷವಾದರೂ ನಿಧಾನವಾಗಿ ಕೆಳಗಿಳಿಯುತ್ತಲೇ ಇರುತ್ತದೆ. ಅದಕ್ಕೇ ಮೊದಲು ಕೆಡುವುದು ಕೆಳಭಾಗ. ಅಲ್ಲಿ ತವರ ತುಕ್ಕು ಹಿಡಿದು ಬೂದಾಗುತ್ತದೆ. ಬೆಳ್ಳಿಯ ಕನ್ನಡಿ ಹಾಗಲ್ಲ. ಅದು ಅಂಚಿನಿಂದ ಕಂದಾಗಿ, ಕಪ್ಪಾಗಿ ಒಳಗೆ ಬರುತ್ತದೆ. ಅದರಲ್ಲಿ ಮುಖ ಒಂಚೂರು ಹಳದಿ ಕಾಣುತ್ತದೆ. ತವರದಲ್ಲಿ ನೀಲಿಬೂದು. ಓರೆಯಿಂದ ಟಾರ್ಚ್ ಬಿಟ್ಟರೆ ಸಕ್ಕರೆ ಹರಳಿನಂತೆ ಮಿನುಗುತ್ತದೆ.

ಕನ್ನಡಿಯನ್ನು ಮಲಗಿಸಿ ತಂದಿದ್ದಕ್ಕೆ ಮಗನಿಗೆ ಸ್ವಲ್ಪ ಬೈದೆ. ಯಾವತ್ತೂ ನಿಲ್ಲಿಸಿಯೇ ಸಾಗಿಸಬೇಕು, ಮೇಲಿದ್ದ ಕಡೆ ಮೇಲೇ ಇರಬೇಕು. ಇಲ್ಲದಿದ್ದರೆ ಕೆಳಗೆ ಇಳಿದು ನಿಂತ ಪಾದರಸ ಚೆನ್ನಾಗಿರುವ ಜಾಗಕ್ಕೂ ಹರಿಯುತ್ತದೆ.

ಹಿಂದಿನ ಹಲಗೆಯ ಮೊಳೆಗಳನ್ನು ಒಂದೊಂದಾಗಿ ಸಡಿಲಿಸಿದೆ. ಪೈನ್ ಹಲಗೆ, ಮೇಲೆಲ್ಲ ಕೈ ಉಜ್ಜುಗೊರಡಿನ ಅಲೆ ಅಲೆ ಗುರುತು. ಗಾಜಿನ ಬೆನ್ನಿಗೆ ಬಣ್ಣ ಬಳಿದಿರಲಿಲ್ಲ, ಮಾಸಿದ ಬೆಳ್ಳಿಯಂಥ ಬರೀ ತವರ. ಕಟ್ಟಿನ ಕೆಳಗಿನ ತೋಡಿನಲ್ಲಿ, ಧೂಳಿನ ನಡುವೆ, ಸಾಸಿವೆಗಿಂತ ಚಿಕ್ಕದಾದ ನಾಲ್ಕು ಪಾದರಸದ ಹನಿ. ಇಂಥದ್ದು ಕಂಡರೆ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಪಾದರಸ ಮನೆಯೆಲ್ಲ ಆವಿಯಾಗಿ ಹರಡುತ್ತದೆ. ಬೆನ್ನನ್ನು ಕೆರೆಯಲೂ ಬೇಡಿ. ನಾನು ಕೈಗವಸು ಹಾಕಿ ಹನಿಗಳನ್ನು ಪಿಪೆಟ್‌ನಲ್ಲಿ ಹೀರಿ, ಮುಚ್ಚಳದ ಬಾಟಲಿಗೆ ತುಂಬಿದೆ.

ಇನ್ನು ಕಟ್ಟು. ಇಟಲಿಯಲ್ಲಿ ಮಣ್ಣಡಿ ಹೂತುಹೋಗಿದ್ದ ಹಳೆ ರೋಮನ್ ಊರುಗಳನ್ನು, 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೇಯಿ, ಅಗೆಯಲು ಶುರುವಾದ ಮೇಲೆ ಯುರೋಪಿಗೆ ಹಳೆ ರೋಮ್‌ನ ಹುಚ್ಚು ಹಿಡಿಯಿತು. ರಾಬರ್ಟ್ ಆಡಮ್ ಎಂಬ ಸ್ಕಾಟಿಷ್ ವಾಸ್ತುಶಿಲ್ಪಿ ಇಟಲಿ ಸುತ್ತಿ 1758ರಲ್ಲಿ ಲಂಡನ್ನಿಗೆ ಬಂದ. ಅಲ್ಲಿಯವರೆಗೆ ಕನ್ನಡಿಯ ಕಟ್ಟೆಂದರೆ ಚಿಪ್ಪು, ಬಳುಕುವ ಎಲೆ, ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇಲ್ಲ. ಆಡಮ್ ಅದನ್ನೆಲ್ಲ ನೇರ ಮಾಡಿದ. ಕಲಶ, ಟಗರಿನ ತಲೆ, ಗಂಟೆಹೂವಿನ ಸಣ್ಣ ಸರ, ಎಡಕ್ಕೂ ಬಲಕ್ಕೂ ಅಳತೆಯ ಸಮ. ಫ್ರಾನ್ಸಿನಲ್ಲಿ ಹದಿನಾರನೇ ಲೂಯಿಯ ಕಾಲದವರು ನೆತ್ತಿಗೆ ರಿಬ್ಬನ್ ಗಂಟು ಕಟ್ಟಿದರು. ನನಗೆ ಇಂಗ್ಲಿಷರದೇ ಇಷ್ಟ, ಜಂಬ ಕಡಿಮೆ.

ಆ ಸೂಕ್ಷ್ಮ ಮಾಲೆಯನ್ನು ಮರದಲ್ಲಿ ಕೆತ್ತಿದ್ದಾರೆ ಅಂದುಕೊಳ್ಳುತ್ತಾರೆ ಜನ. ಬಹಳಷ್ಟು ಸಲ ಅದು ಕಾಂಪೋ. ಸೀಮೆಸುಣ್ಣದ ಪುಡಿ, ಅಂಟು, ರಾಳ, ಅಗಸೆ ಎಣ್ಣೆ ಕಲಸಿದ ಹಿಟ್ಟು. ಅಚ್ಚಿಗೆ ಒತ್ತಿ ತೆಗೆದು, ಸರವಾದರೆ ತಂತಿಗೆ ಪೋಣಿಸಿ ತೂಗುಬಿಡುತ್ತಿದ್ದರು. ಒಣಗುತ್ತಾ ಕುಗ್ಗುವುದರಿಂದ ಅದರಲ್ಲಿ ಅಡ್ಡಡ್ಡ ಬಿರುಕು ಬೀಳುತ್ತದೆ. ಆ ಬಿರುಕು ನೋಡಿದರೆ ನನಗೆ ಸಮಾಧಾನ. ಇನ್ನೊಂದು ಬಿರುಕು ಮರದ ಉದ್ದಕ್ಕೆ ಬರುತ್ತದೆ, ಅದು ಕೆತ್ತನೆಯದು.

ಇದರ ಮೇಲೆ ಚಿನ್ನ. ಮೈಸೂರು ಚಿತ್ರಕಲೆಯಲ್ಲಿ ಮಕ್ಕಿ ಸಫೇದ ಎಂಬ ಬಿಳಿ ಪುಡಿಯ ಹಿಟ್ಟಿನಿಂದ ಉಬ್ಬು ಮಾಡಿ ಮೇಲೆ ಚಿನ್ನದ ರೇಕು ಕೂರಿಸುತ್ತಾರಲ್ವಾ, ಹೆಚ್ಚುಕಡಿಮೆ ಅದೇ ಲೆಕ್ಕ. ಇಲ್ಲಿ ಬಿಳಿ ಸೀಮೆಸುಣ್ಣದ ಪದರ, ಅದರ ಮೇಲೆ ನುಣ್ಣನೆಯ ಕೆಮ್ಮಣ್ಣು, ಅದಕ್ಕೆ ನೀರು ಹಚ್ಚಿ ರೇಕು, ಒಣಗಿದ ಮೇಲೆ ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು. ನೀರಲ್ಲಿ ಕೂತ ಚಿನ್ನ ನೀರಲ್ಲೇ ಏಳುತ್ತದೆ. ಕೆಲಸ ಕಲಿಯುವಾಗ ನಾನೇ ಒಂದು ಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು, ಅಂಗೈಯಗಲ ಚಿನ್ನ ಮಾಯ. ಈಗಲೂ ಅದನ್ನು ನೆನೆದರೆ ಹೊಟ್ಟೆ ಕಲಸುತ್ತದೆ.

ಗೋಲ್ಡ್ ಪೇಂಟ್ ಅಂದರೆ ಹಿತ್ತಾಳೆ ಪುಡಿ. ಕೆಲವೇ ವರ್ಷದಲ್ಲಿ ಕಂದಾಗುತ್ತದೆ. ಈ ಕಟ್ಟಿಗೂ ಹಿಂದೆ ಯಾರೋ ಪುಣ್ಯಾತ್ಮರು ಬಳಿದಿದ್ದರು. ಹತ್ತಿ ಸುತ್ತಿದ ಕಡ್ಡಿಗೆ ದ್ರಾವಕ ಮುಟ್ಟಿಸಿ ಹೆಬ್ಬೆರಳಗಲ ಜಾಗ ತೆರೆದೆ. ಕಂದು ಕರಗಿ, ಒಳಗಿಂದ ನಿಜವಾದ ಚಿನ್ನ, ಸವೆದ ಕಡೆ ಕೆಮ್ಮಣ್ಣು ಇಣುಕಿತು. ಸೊಸೆ ಫೋನ್ ತೆಗೆದು ಫೋಟೋ ಹೊಡೆದಳು. ಮಗ ಪೇಂಟಿನ ಮಾತು ಮತ್ತೆ ಎತ್ತಲಿಲ್ಲ.

ಗಾಜಿನ ವಿಷಯದಲ್ಲಿ ಮಾತ್ರ ಹಟ ಬಿಡಲಿಲ್ಲ. ಪೆನ್ಸಿಲ್ ತುದಿಯನ್ನು ಗಾಜಿಗೆ ಮುಟ್ಟಿಸಿ ತೋರಿಸಿದೆ. ತುದಿಗೂ ಅದರ ಬಿಂಬಕ್ಕೂ ನಡುವಿನ ಸಂದು ಬಲು ಕಿರಿದು. ಅಂದರೆ ಗಾಜು ತೆಳು. ಇಂಗ್ಲೆಂಡಿನಲ್ಲಿ 1745ರಿಂದ 1845ರವರೆಗೆ ಗಾಜಿಗೆ ತೂಕದ ಮೇಲೆ ತೆರಿಗೆ ಇತ್ತು. 1773ರಲ್ಲಿ ಎರಕದ ಗಾಜಿಗೆ ಅಲ್ಲೇ ಕಂಪನಿ ಹುಟ್ಟುವ ತನಕ ದೊಡ್ಡ ಹಲಗೆ ಬೇಕೆಂದರೆ ಫ್ರಾನ್ಸಿನಿಂದಲೇ ಬರಬೇಕು. ದೊಡ್ಡ ಕನ್ನಡಿಯಲ್ಲಿ ಎರಡು ತುಂಡು ಜೋಡಿಸಿರುವುದು ಅದಕ್ಕೇ. ಕಟ್ಟಿಗಿಂತ ಗಾಜೇ ದುಬಾರಿಯಾಗಿದ್ದ ಕಾಲ. ಈಗ ಅದನ್ನೇ ಕಿತ್ತು ಎಸೆಯುತ್ತೇವೆ!

ಇಲ್ಲೊಂದು ಎಚ್ಚರಿಕೆ. 19ನೇ ಶತಮಾನದ ಕೊನೆಗೆ ಆಡಮ್ ಫ್ಯಾಶನ್ ಮತ್ತೆ ಬಂತು. ಅಂಗಡಿಯಲ್ಲಿ "ಆಡಮ್ ಕನ್ನಡಿ" ಅಂತ ತೋರಿಸುವುದರಲ್ಲಿ ಆಗಿನದು ತುಂಬಾ ಇವೆ. ಅವೂ ಚೆಂದವೇ, ಆದರೆ ಅದಕ್ಕೆ ತಕ್ಕ ಬೆಲೆ ಕೊಡಿ ಅಷ್ಟೇ. ಬೆನ್ನು ನೋಡದೆ ದುಡ್ಡು ಎಣಿಸಬೇಡಿ.

"ಹಾಗಾದ್ರೆ ಹೊಸ ಕಲಾಯಿ ಹಾಕೋಕಾಗಲ್ವಾ?" ಎಂದು ಕೇಳಿದರು ತಾಯಿ. ಆಗುವುದಿಲ್ಲಮ್ಮ, ಹಳೆಯದನ್ನು ಕೆರೆದರೆ ಉಳಿದಿರುವ ಮುಕ್ಕಾಲು ಭಾಗವೂ ಹೋಗುತ್ತದೆ, ಪಾದರಸದ ಕೆಲಸ ಯಾರಿಗೂ ಬೇಡ ಎಂದೆ. ಮಬ್ಬುಗನ್ನಡಿ ಮನೆಗೆ ಒಳ್ಳೆಯದಲ್ಲ ಅಂತ ಅವರ ಮನಸ್ಸಿನಲ್ಲಿತ್ತು. ನಾನು ವಾದ ಮಾಡಲಿಲ್ಲ. ಇವು ಮೇಣದ ಬತ್ತಿಯ ಕಾಲದವು, ಎರಡು ಕಿಟಕಿಯ ನಡುವೆ ನಿಂತು ರಾತ್ರಿ ಬೆಳಕನ್ನು ಎರಡು ಪಟ್ಟು ಮಾಡಲು ಇದ್ದವು ಅಂತ ಮಾತ್ರ ಹೇಳಿದೆ.

ಗಾಜು ಹಾಗೇ ಉಳಿಯಿತು. ಸ್ಪ್ರೇ ಹೊಡೆಯಬೇಡಿ, ಒಣ ಮೆತ್ತನೆ ಬಟ್ಟೆ ಸಾಕು, ಹೀಟರ್ ಮೇಲೆ ನೇತುಹಾಕಬೇಡಿ ಎಂದು ಬರೆದುಕೊಟ್ಟೆ. ದೀಪಾವಳಿಗೆ ಸೊಸೆ ಫೋಟೋ ಕಳಿಸಿದ್ದಳು. ವಿದ್ಯುತ್ ದೀಪ ಆರಿಸಿ ಮುಂದೆ ಹಣತೆಗಳ ಸಾಲು ಇಟ್ಟಿದ್ದರು, ಚುಕ್ಕೆಗಳು ಎಲ್ಲಿ ಹೋದವೋ ಗೊತ್ತಾಗುತ್ತಿರಲಿಲ್ಲ. ಪಕ್ಕದ ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಕಟ್ಟಿನ ಒಂದು ಪುಟ್ಟ ಕನ್ನಡಿ ನೇತಾಡುತ್ತಿತ್ತು. ಅದು ಅತ್ತೆಯದು, ಕುಂಕುಮ ಇಟ್ಟುಕೊಳ್ಳೋಕೆ ಅಂತ ಕೆಳಗೆ ಬರೆದಿದ್ದಳು.